ಪಕ್ಕದಿಂದ ಕಂಡ ಕೈ

ಚಿಕ್ಕಮ್ಮನಿಗೆ ಎಡಗಣ್ಣು ಇರಲಿಲ್ಲ. ಇರಬೇಕಾದ ಜಾಗದಲ್ಲಿ ಗಾಜಿನದೊಂದು ಇತ್ತು. ಅದು ಏನನ್ನೂ ನೋಡುತ್ತಿರಲಿಲ್ಲ, ಎದುರಿಗೆ ಕೂತವರನ್ನು ತಬ್ಬಿಬ್ಬು ಮಾಡುತ್ತಿತ್ತು, ಅಷ್ಟೆ.

ಈಗ ಎದುರಿಗೆ ಕೂತಿದ್ದವಳು ಕಂಪ್ಯೂಟರ್ ಆಟ ಮಾಡುವ ಕಂಪನಿಯ ಯಜಮಾನರ ಮಗಳು. ಮೀಟಿಂಗ್ ರೂಮಿನ ಉದ್ದನೆಯ ಮೇಜಿನಾಚೆ ಕೂತು, ಚಿಕ್ಕಮ್ಮನ ಯಾವ ಕಣ್ಣನ್ನು ನೋಡಿ ಮಾತಾಡಬೇಕೆಂದು ತಿಳಿಯದೆ, ಕೊನೆಗೆ ಹಣೆಯನ್ನು ನೋಡಿ ಮಾತಾಡುತ್ತಿದ್ದಳು.

“ಇನ್ನೆಷ್ಟು ಸಲ ನೋಡ್ತೀರಿ ಮೇಡಂ? ಎಷ್ಟು ಸಲ ನೋಡಿದ್ರೂ ತಳ್ಳಿದ್ದು ತಳ್ಳಿದ್ದೇ.”

“ಇನ್ನೊಂದ್ಸಲ ಹಾಕಿ.”

ಗೋಡೆಯ ಪರದೆಯ ಮೇಲೆ ಮೊನ್ನೆಯ ಬೆಳಿಗ್ಗೆ ಮತ್ತೆ ಶುರುವಾಯಿತು. ಮರದ ಪೆಟ್ಟಿಗೆಗಳ ಸಾಲು. ಅದರ ಮೇಲೆ ಯಜಮಾನರು ಎಡದಿಂದ ಬಲಕ್ಕೆ ನಡೆಯುತ್ತಿದ್ದಾರೆ. ಅವರ ಬೆನ್ನ ಹಿಂದೆಯೇ ಚಿಕ್ಕಮ್ಮನ ಅಕ್ಕನ ಮಗ. ಅವನ ಬಲಗೈ ಮುಂದಕ್ಕೆ ಚಾಚುತ್ತದೆ, ಅಂಗೈ ಯಜಮಾನರ ಬೆನ್ನಿಗೆ ತಾಗುತ್ತದೆ, ಯಜಮಾನರು ಚಿತ್ರದಿಂದ ಕೆಳಗೆ ಜಾರಿಹೋಗುತ್ತಾರೆ. ಶಬ್ದವಿಲ್ಲ. ಚಿತ್ರ ಅಷ್ಟಕ್ಕೇ ಮುಗಿಯುತ್ತದೆ. ಆಸ್ಪತ್ರೆಯಲ್ಲಿ ಅವರು ಇವತ್ತಿನವರೆಗೂ ಕಣ್ಣು ಬಿಟ್ಟಿಲ್ಲ.

“ಸಂಜೆ ಆಫೀಸು ಮುಚ್ಚೋ ಮುಂಚೆ ನಾನು ದೂರು ಕೊಡ್ತೀನಿ,” ಎಂದಳು ಮಗಳು. “ನೀವು ವಿಮೆ ಕಂಪನಿಯ ತನಿಖೆಯವರು ಅಂತ ಒಳಗೆ ಬಿಟ್ಟಿದ್ದು. ಅವನ ಚಿಕ್ಕಮ್ಮ ಅಂತ ಅಲ್ಲ.”

“ಎರಡೂ ನಾನೇ. ಒಂದನ್ನ ಗೇಟಲ್ಲಿ ಬಿಟ್ಟು ಬರೋಕೆ ಆಗಲ್ಲ. ಫೋನಾದ್ರೆ ಬಿಟ್ಟು ಬಂದಿದ್ದೀನಿ.”

ಈ ಆಫೀಸಿನಲ್ಲಿ ಯಾರೇ ಬಂದರೂ ಫೋನನ್ನು ಗೇಟಿನಲ್ಲೇ ಕೊಡಬೇಕಿತ್ತು. ಹೊಸ ಆಟ ಹೊರಬೀಳುವ ಮುಂಚೆ ಅದರ ಒಂದು ಚಿತ್ರವೂ ಸೋರಬಾರದು ಎಂಬುದು ಯಜಮಾನರ ಕಟ್ಟಪ್ಪಣೆ. ಫೋನು ಕೊಡುವ ಮುಂಚೆ ಚಿಕ್ಕಮ್ಮನಿಗೆ ಬಂದ ಕೊನೆಯ ಕರೆ ಅಕ್ಕನದು. ಅಕ್ಕ ಅತ್ತಿರಲಿಲ್ಲ. “ಅವನನ್ನ ಕರ್ಕೊಂಡು ಬಾ. ಇಲ್ಲಾಂದ್ರೆ ನೀನೂ ಬರ್ಬೇಡ,” ಎಂದು ಕಡ್ಡಿ ಮುರಿದ ಹಾಗೆ ಹೇಳಿ ಇಟ್ಟಿದ್ದಳು.

“ನಿಮ್ಮ ತಂದೆಗಿಂತ ಇವನು ಎಷ್ಟು ಎತ್ತರ?” ಎಂದು ಕೇಳಿದಳು ಚಿಕ್ಕಮ್ಮ.

“ಒಂದು ತಲೆ ಎತ್ತರ. ಯಾಕೆ?”

“ಇಲ್ಲಿ ಇಬ್ಬರೂ ಸಮ ಇದ್ದಾರೆ.”

“ಬಗ್ಗಿದ್ದಾನೆ.”

“ಎಲ್ಲಿ ಬಗ್ಗಿದ್ದಾನೆ? ಮಂಡಿ ನೆಟ್ಟಗಿದೆ, ಸೊಂಟ ನೆಟ್ಟಗಿದೆ. ಶಾಲೆಯಲ್ಲಿ ಪ್ರಾರ್ಥನೆಗೆ ನಿಂತ ಹಾಗೆ ನಿಂತಿದ್ದಾನೆ.” ಚಿಕ್ಕಮ್ಮ ಎದ್ದು ಪರದೆಗೆ ಮೂಗು ತಾಗುವಷ್ಟು ಹತ್ತಿರ ಹೋದಳು. “ಇನ್ನೊಂದು ವಿಷಯ. ಬೀಳಿಸೋ ಹಾಗೆ ತಳ್ಳಿದ್ರೆ ಅಂಗಿ ಮುದುಡ್ಬೇಕು. ನಿಮ್ಮ ತಂದೆಯ ಅಂಗಿ ಇಸ್ತ್ರಿ ಮಾಡಿದ ಹಾಗೇ ಇದೆ.”

ಮೂಲೆಯ ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದ ಮುದುಕರೊಬ್ಬರು ಕೆಮ್ಮಿದರು. ಇವರನ್ನು ಎಲ್ಲರೂ ಬಣ್ಣದ ಮಾಮ ಎನ್ನುತ್ತಿದ್ದರು. ಯಜಮಾನರ ಮೊದಲ ಆಟದಿಂದ ಆರನೆಯದರವರೆಗೆ ಗುಡ್ಡ, ಮೋಡ, ಊರು ಎಲ್ಲವನ್ನೂ ಬರೆದವರು ಅವರೇ.

“ತಾಯಿ, ನಮ್ಮ ಆಟದಲ್ಲಿ ಮುಟ್ಟಿದ್ರೆ ಮುಗೀತು,” ಎಂದರು. “ಚಿತ್ರದಲ್ಲಿ ತಾಗಿತಾ, ಸತ್ತ. ಮೂವತ್ತು ವರ್ಷದಿಂದ ಅದೇ ಕಾನೂನು. ಈ ಹುಡುಗಿ ತೊಟ್ಟಿಲಲ್ಲೇ ಕಲಿತಿದ್ದಾಳೆ.”

ಅವರು ಹೇಳಿದ್ದರಲ್ಲಿ ಉತ್ಪ್ರೇಕ್ಷೆ ಇರಲಿಲ್ಲ. ಯಜಮಾನರ ಆಟದ ನಾಯಕ ಕೊಡೆರಾಯ. ಒಂದು ಕೊಡೆ, ಎರಡು ಕಾಲು, ಹಿಂದೆ ನೋಡದ ಓಟ. ಎಡದಿಂದ ಬಲಕ್ಕೆ ಓಡುತ್ತಾನೆ, ಹಳ್ಳ ಹಾರುತ್ತಾನೆ, ಕೊಡೆ ಬಿಚ್ಚಿ ಇಳಿಯುತ್ತಾನೆ. ಆಡುವವರು ಅವನನ್ನು ನೋಡುವುದು ಪಕ್ಕದಿಂದ ಮಾತ್ರ. ಅವನಿಗೆ ಉದ್ದ ಉಂಟು, ಎತ್ತರ ಉಂಟು, ಆಳ ಇಲ್ಲ. ಏಳನೆಯ ಆಟದಲ್ಲಿ ಅವನಿಗೆ ಆಳ ಕೊಡುವುದೆಂದು ತೀರ್ಮಾನವಾಗಿತ್ತು. ಅಂದಿನಿಂದ ಆಫೀಸಿನಲ್ಲಿ ನೆಮ್ಮದಿ ಇರಲಿಲ್ಲ.

“ಆಳ ಆಳ ಅಂತ ಹಳ್ಳ ತೋಡಿದ್ರು,” ಎಂದರು ಬಣ್ಣದ ಮಾಮ. “ಈಗ ಒಬ್ಬ ಬಿದ್ದ.”

“ಮಾಮ, ಸಾಕು,” ಎಂದಳು ಮಗಳು. ಆಮೇಲೆ ಚಿಕ್ಕಮ್ಮನ ಹಣೆಗೆ: “ನಿಮ್ಮ ಹುಡುಗನಿಗೂ ಅಪ್ಪನಿಗೂ ಹಿಂದಿನ ದಿನ ಜೋರು ಜಗಳ ಆಗಿತ್ತು. ಇಡೀ ಆಫೀಸು ಕೇಳಿದೆ. ಅದಕ್ಕೇನಂತೀರಿ?”

“ಅವನನ್ನೇ ಕೇಳೋಣ. ಕರೆಸಿ. ಇಲ್ಲಿಗಲ್ಲ, ಹಾಲ್‌ಗೆ.”

ಹಾಲ್ ಎಂದರೆ ಕೆಳಮಹಡಿಯ ಗೋದಾಮು. ಚಪ್ಪಟೆ ಚಿತ್ರದಲ್ಲೇ ತಲೆ ನರೆಸಿಕೊಂಡವರಿಗೆ ಆಳ ಎಂದರೇನೆಂದು ಮೈಗೆ ಹತ್ತಬೇಕಲ್ಲ, ಅದಕ್ಕೆ ಯಜಮಾನರೇ ಮಾಡಿಸಿದ ವ್ಯವಸ್ಥೆ. ಆಟದ ಮೊದಲ ಹಂತವನ್ನು ಪ್ಲೈವುಡ್ ಪೆಟ್ಟಿಗೆಗಳಲ್ಲಿ ಆಳೆತ್ತರಕ್ಕೆ ಕಟ್ಟಿಸಿದ್ದರು. ಮೂರು ಸಾಲು: ಮುಂದಿನದು, ನಡುವಿನದು, ಹಿಂದಿನದು. ಪ್ರತಿ ಪೆಟ್ಟಿಗೆಯ ಕೆಳಗೆ ಚಕ್ರ, ಚಕ್ರಕ್ಕೆ ಬ್ರೇಕು. ನೆಲದ ಮೇಲೆ ಹಳದಿ ಟೇಪಿನಲ್ಲಿ ಪ್ರತಿ ಪೆಟ್ಟಿಗೆಯ ಜಾಗದ ಗುರುತು. ಪ್ರತಿ ಸಾಲಿನ ನೆತ್ತಿಗೂ ಸಾಲು ದೀಪ. ಪಕ್ಕದ ಗೋಡೆಯ ತುದಿಯಲ್ಲಿ, ಎತ್ತರದಲ್ಲಿ ಒಂದು ಕ್ಯಾಮೆರಾ. ಎದುರು ಗೋಡೆಗೆ ಅದೇ ಚಿತ್ರ ತೋರಿಸುವ ದೊಡ್ಡ ಪರದೆ.

ಬೆಳಿಗ್ಗೆಯಿಂದ ಒಂದು ಕೋಣೆಯಲ್ಲಿ ಕೂಡಿಹಾಕಿದ್ದ ಅಕ್ಕನ ಮಗನನ್ನು ಪೆಟ್ಟಿಗೆ ಕಟ್ಟಿದ ಬಡಗಿ ಕರೆತಂದ. ಆಫೀಸಿನಲ್ಲಿ ಅಕ್ಕನ ಮಗನಿಗೆ ‘ಕ್ಯಾಮೆರಾ’ ಎಂದೇ ಹೆಸರು. ಹೊಸ ಆಟದಲ್ಲಿ ಕೊಡೆರಾಯನನ್ನು ಎಲ್ಲಿಂದ ನೋಡಬೇಕು, ಮುಂದಿನಿಂದಲೋ ಹಿಂದಿನಿಂದಲೋ ಮೇಲಿನಿಂದಲೋ ಎಂದು ಲೆಕ್ಕ ಹಾಕುವುದು ಅವನ ಕೆಲಸ. ಚಪ್ಪಟೆ ಆಟದಲ್ಲಿ ಅಂಥ ಕೆಲಸವೇ ಇರಲಿಲ್ಲ.

“ಊಟ ಮಾಡಿದ್ಯಾ?” ಎಂದಳು ಚಿಕ್ಕಮ್ಮ.

“ಹಸಿವಿಲ್ಲ.”

“ಸುಳ್ಳು ಹೇಳೋದು ಇದೊಂದರಲ್ಲೇ ಇರ್ಲಿ. ಜಗಳ ಯಾಕಾಯ್ತು?”

“ಅವರಿಗೆ ಪಕ್ಕದಿಂದಾನೇ ನೋಡ್ಬೇಕು. ನಾನು ಬೆನ್ನಿಂದ ನೋಡೋಣ ಅಂದೆ. ‘ಮೂವತ್ತು ವರ್ಷ ಯಾರಿಗೂ ಅವನ ಬೆನ್ನು ತೋರಿಸಿಲ್ಲ, ಈಗ ನೀನು ತೋರಿಸ್ತೀಯಾ’ ಅಂದ್ರು. ಅಷ್ಟೇ. ದಿನಾ ಆಗೋ ಜಗಳ.”

“ಕೈ ಚಾಚಿದ್ದು ಯಾಕೆ?”

“ನಿಲ್ಲಿ ಅನ್ನೋಕೆ. ಕೂಗ್ದೆ ಕೂಡ. ಅದರಲ್ಲಿ ಶಬ್ದ ಬರಲ್ಲ.”

“ಯಾಕೆ ನಿಲ್ಲಬೇಕಿತ್ತು?”

“ಮುಂದೆ ಪೆಟ್ಟಿಗೆ ಇರ್ಲಿಲ್ಲ.”

“ಇತ್ತು!” ಎಂದು ಯಜಮಾನರ ಮಗಳು ಸಿಡಿದಳು. “ಚಿತ್ರದಲ್ಲಿ ಕಾಣ್ತಿದೆ. ಆಮೇಲೆ ಓಡಿ ಬಂದು ನೋಡಿದಾಗಲೂ ಇತ್ತು. ಮೊನ್ನೆಯಿಂದ ಇವನು ಇದೇ ಕಥೆ ಕಟ್ತಿದ್ದಾನೆ ಮೇಡಂ. ಅಪ್ಪನಿಂದ ಎರಡು ಸಾಲು ಆಚೆ ಇದ್ದನಂತೆ! ಕೈ ಬೆನ್ನ ಮೇಲಿರೋದು ಕಣ್ಣಿಗೆ ಕಾಣ್ತಿದೆ.”

“ನಿಮ್ಮ ಕಣ್ಣಿಗಲ್ಲ, ಅದರ ಕಣ್ಣಿಗೆ,” ಎಂದು ಚಿಕ್ಕಮ್ಮ ಎತ್ತರದ ಕ್ಯಾಮೆರಾದತ್ತ ಬೆರಳು ತೋರಿಸಿದಳು. “ಅದಕ್ಕೂ ನನ್ನ ಹಾಗೆ ಒಂದೇ ಕಣ್ಣು. ನಿಮ್ಮದು ಎರಡಿದೆ, ಯಾವುದು ಹತ್ತಿರ ಯಾವುದು ದೂರ ಅಂತ ನೀವು ತಲೆ ಕೆಡಿಸಿಕೊಂಡೇ ಇಲ್ಲ. ನಾನು ಚಹಾ ಲೋಟ ಎತ್ತೋಕೂ ಲೆಕ್ಕ ಹಾಕ್ಬೇಕು. ಎಷ್ಟು ಲೋಟ ಒಡೆದಿದ್ದೀನಿ, ನಮ್ಮಕ್ಕನ್ನ ಕೇಳಿ. ಬಣ್ಣದ ಮಾಮ, ಸ್ವಲ್ಪ ಹತ್ತಿ.”

“ನಾನಾ? ನನ್ನ ಮಂಡಿ ನನ್ನ ಮಾತು ಕೇಳಲ್ಲ ತಾಯಿ.”

“ಮುಂದಿನ ಸಾಲಲ್ಲಿ ಕೆಳಗಿನ ಪೆಟ್ಟಿಗೆ ಸಾಕು. ನೀನು ಹೋಗೋ, ಹಿಂದಿನ ಸಾಲು. ಮೊನ್ನೆ ಎಲ್ಲಿ ನಿಂತಿದ್ದೆ ಅಂತೀಯೋ ಆ ಸಾಲು.”

ಬಡಗಿ ಮುದುಕರ ಮೊಣಕೈ ಹಿಡಿದು ಹತ್ತಿಸಿದ. ಅವರು ಹತ್ತುವಾಗ ಹಲ್ಲು ಕಚ್ಚಿದರು, ಹತ್ತಿದ ಮೇಲೆ ಸ್ವಲ್ಪ ಎದೆ ಉಬ್ಬಿಸಿದರು. ಅಕ್ಕನ ಮಗ ಹಿಂದಿನ ಸಾಲಿನ ಪೆಟ್ಟಿಗೆ ಏರಿದ. ಇಬ್ಬರ ನಡುವೆ ಒಂದು ಕಾರು ನಿಲ್ಲಿಸುವಷ್ಟು ಜಾಗವಿತ್ತು.

ಚಿಕ್ಕಮ್ಮ ಅವರನ್ನು ನೋಡಲಿಲ್ಲ. ಬೆನ್ನು ತಿರುಗಿಸಿ ಎದುರು ಗೋಡೆಯ ಪರದೆಯನ್ನು ನೋಡುತ್ತ ನಿಂತಳು.

“ಎಡಕ್ಕೆ ಸರಿಯೋ. ಇನ್ನೂ. ಸಾಕು, ಜಾಸ್ತಿಯಾಯ್ತು. ಬಲಕ್ಕೆ ಒಂದಿಷ್ಟು. ಅಲ್ಲೇ ನಿಲ್ಲು. ಕೈ ಚಾಚು.”

ಪರದೆಯ ಮೇಲೆ ಅಕ್ಕನ ಮಗನ ಅಂಗೈ ಬಣ್ಣದ ಮಾಮನ ಬೆನ್ನ ಮೇಲೆ ಕೂತಿತು. ಇಬ್ಬರೂ ಸಮ ಎತ್ತರ. ಮಾಮನ ಅಂಗಿ ಒಂದಿಷ್ಟೂ ಮುದುಡಿರಲಿಲ್ಲ.

“ಏನು ತಾಯಿ, ನನ್ನನ್ನ ತಳ್ಳಿಯಾಯ್ತಾ?” ಎಂದರು ಮಾಮ ಪೆಟ್ಟಿಗೆಯ ಮೇಲಿಂದ. “ನನಗೆ ಗೊತ್ತೇ ಆಗ್ಲಿಲ್ಲ.”

ಯಜಮಾನರ ಮಗಳು ಪರದೆ ನೋಡಿದಳು, ತಿರುಗಿ ಪೆಟ್ಟಿಗೆಗಳನ್ನು ನೋಡಿದಳು, ಮತ್ತೆ ಪರದೆ ನೋಡಿದಳು. ಮೊದಲ ಸಲ ಚಿಕ್ಕಮ್ಮನ ಸರಿಯಾದ ಕಣ್ಣನ್ನು ನೇರವಾಗಿ ನೋಡಿದಳು.

“ಹಾಗಾದ್ರೆ ಅಪ್ಪ ಯಾಕೆ ಬಿದ್ರು?”

“ಅವರು ನಡೆಯುವಾಗ ಎಲ್ಲಿ ನೋಡ್ತಿದ್ರು? ಕಾಲ ಬುಡದಲ್ಲಾ?”

ಉತ್ತರ ಕೊಟ್ಟವನು ಬಡಗಿ. “ಅವರು ಕಾಲು ನೋಡಿದ್ರೆ ಕೇಳಿ ಅಮ್ಮಾ. ಆ ಪರದೇನೇ ನೋಡೋರು. ತಾವೇ ಕೊಡೆರಾಯ ಅನ್ನೋ ಹಾಗೆ ತಮ್ಮನ್ನೇ ಪಕ್ಕದಿಂದ ನೋಡ್ಕೊಂಡು ನಡೆಯೋರು. ಹಾಗೆ ಮಾಡ್ಬೇಡಿ, ಕಾಲ ಕೆಳಗೆ ನೋಡಿ ಅಂತ ಗೋಗರೆದೆ. ‘ನನ್ನ ಆಟ ನನಗೆ ಪಕ್ಕದಿಂದಾನೇ ಅರ್ಥ ಆಗೋದು’ ಅಂತ ಬಾಯಿ ಮುಚ್ಚಿಸಿದ್ರು.”

“ಇದು ಎಷ್ಟು ಜನಕ್ಕೆ ಗೊತ್ತು?”

“ಎಲ್ಲರಿಗೂ. ಬೆನ್ನ ಹಿಂದೆ ಅದನ್ನ ಆಡ್ಕೊಂಡು ನಗ್ತಿದ್ರು.”

ಚಿಕ್ಕಮ್ಮ ಮುಂದಿನ ಸಾಲಿಗೆ ಹೋದಳು. ಯಜಮಾನರು ಬಿದ್ದ ಜಾಗದಲ್ಲಿ ಸಿಮೆಂಟು ತೊಳೆದಿದ್ದರು, ಆದರೆ ಬೇರೆ ಕಡೆಗಿಂತ ಬಿಳುಪಾಗಿ ಕಾಣುತ್ತಿತ್ತು. ಅದರ ಪಕ್ಕದ ಪೆಟ್ಟಿಗೆ ಹಳದಿ ಗುರುತಿನೊಳಗೆ ಅಚ್ಚುಕಟ್ಟಾಗಿ ನಿಂತಿತ್ತು. ಅವಳು ನೆಲಕ್ಕೆ ಕೆನ್ನೆ ತಾಗಿಸಿ ಕೆಳಗೆ ನೋಡಿದಳು. ಸೀರೆಗೆ ಧೂಳು ಮೆತ್ತಿತು.

“ಬಡಗಿಯವರೇ, ಈ ಚಕ್ರಕ್ಕೆ ಏನು ಅಂಟಿದೆ ನೋಡಿ.”

ಬಡಗಿ ಕೂತು ಕೈ ಹಾಕಿದ. ಒಂದು ಚೂರು ಹಳದಿ ಟೇಪು, ಚಕ್ರಕ್ಕೆ ಸುತ್ತಿಕೊಂಡು ಕಪ್ಪಾಗಿತ್ತು. ಅವನು ನಡುವಿನ ಸಾಲಿಗೆ ಹೋಗಿ ನೆಲ ನೋಡಿದ. ಅಲ್ಲಿಯ ಗುರುತೊಂದರ ಮೂಲೆ ಕಿತ್ತುಹೋಗಿತ್ತು.

“ಇದು ಆ ಸಾಲಿನ ಟೇಪು,” ಎಂದ ನಿಧಾನವಾಗಿ. “ಅಮ್ಮಾ, ಈ ಪೆಟ್ಟಿಗೆ ಅಲ್ಲಿಗೆ ಹೋಗಿ ಬಂದಿದೆ.”

“ಹೋಗಿತ್ತು. ಮುಂದಿನ ಸಾಲಿಂದ ನಡುವಿನ ಸಾಲಿಗೆ. ಪಕ್ಕದಿಂದ ನೋಡಿದ್ರೆ ಇದ್ದಲ್ಲೇ ಇದೆ. ಯಜಮಾನರು ಪರದೆ ನೋಡ್ಕೊಂಡು ಬಂದ್ರು, ಪರದೆ ಮೇಲಿನ ಪೆಟ್ಟಿಗೆಗೆ ಕಾಲಿಟ್ರು. ಕಾಲ ಕೆಳಗೆ ಏನೂ ಇರ್ಲಿಲ್ಲ. ನೀವೆಲ್ಲ ಅವರ ಸುತ್ತ ಮುತ್ತಿಕೊಂಡಾಗ ಯಾರೋ ಅದನ್ನ ಮೊದಲಿನ ಜಾಗಕ್ಕೆ ಉರುಳಿಸಿದ್ದಾರೆ.”

“ಇದು ಅಪಘಾತ ಅಲ್ಲ,” ಎಂದಳು ಮಗಳು. ಕೇಳಿದ ಹಾಗೂ ಇರಲಿಲ್ಲ, ಹೇಳಿದ ಹಾಗೂ ಇರಲಿಲ್ಲ.

“ಅಲ್ಲ. ಇವನು ತಳ್ಳಿದ್ದೂ ಅಲ್ಲ.” ಚಿಕ್ಕಮ್ಮ ಸೀರೆ ಕೊಡವಿಕೊಂಡು ಎದ್ದಳು. “ಏನೋ, ನೀನು ಮೇಲಿದ್ದೆ. ಬೇರೆ ಯಾರಾದ್ರೂ ಕಂಡ್ರಾ?”

“ಯಾರೂ ಇರ್ಲಿಲ್ಲ.” ಸ್ವಲ್ಪ ಬೇಗನೆ ಹೇಳಿದ.

ಚಿಕ್ಕಮ್ಮನ ಗಮನ ಆಗ ಅವನ ಮುಖದ ಮೇಲಿರಲಿಲ್ಲ. ಅವನ ಕಾಲ ಬುಡದಲ್ಲಿತ್ತು. ನೆತ್ತಿಯ ದೀಪದಿಂದ ಅವನ ನೆರಳು ಪೆಟ್ಟಿಗೆಯ ಮೇಲೆ ದುಂಡಗೆ, ಅವನ ಸುತ್ತಲೇ ಬಿದ್ದಿತ್ತು. ಬಣ್ಣದ ಮಾಮನದೂ ಹಾಗೆಯೇ, ಮುಂದಿನ ಸಾಲಿನಲ್ಲಿ.

“ಈ ದೀಪ ಹೀಗೆ ಯಾಕೆ ಹಾಕಿದ್ದು?”

“ಆಟದಲ್ಲೂ ಹೀಗೇ ಮಾಡ್ಬೇಕು ಅಂತ,” ಎಂದ ಅಕ್ಕನ ಮಗ. ಕೆಲಸದ ಮಾತು ಬಂದ ಕೂಡಲೇ ಅವನ ದನಿ ಸಲೀಸಾಯಿತು. “ಆಳ ಬಂದ್ಮೇಲೆ ಆಡೋರಿಗೆ ತಾವು ಎಲ್ಲಿಗೆ ಇಳೀತೀವಿ ಅಂತ ಗೊತ್ತಾಗಲ್ಲ ಚಿಕ್ಕಮ್ಮ. ಅದಕ್ಕೆ ನೆರಳನ್ನ ನೇರ ಕಾಲ ಕೆಳಗೇ ಹಾಕ್ತೀವಿ. ಸೂರ್ಯ ಎಲ್ಲಾದ್ರೂ ಇರ್ಲಿ. ಮೈ ಗಾಳಿಯಲ್ಲಿರುತ್ತೆ, ನೆರಳು ಜಾಗ ಹೇಳುತ್ತೆ.”

“ಅಂದ್ರೆ ನೆರಳು ನೋಡಿದ್ರೆ ಯಾರು ಯಾವ ಸಾಲು ಅಂತ ತಿಳಿಯುತ್ತೆ.”

“ಹೂಂ.”

ಚಿಕ್ಕಮ್ಮ ಇದ್ದ ಕಣ್ಣನ್ನು ಮುಚ್ಚಿಕೊಂಡಳು. ಮೇಲಿನ ಕೋಣೆಯಲ್ಲಿ ಪದೇ ಪದೇ ನೋಡಿದ ಚಿತ್ರವನ್ನು ಒಳಗೇ ಓಡಿಸಿದಳು. ಯಜಮಾನರ ಕಾಲ ಕೆಳಗೆ ಒಂದು ಕಪ್ಪು ಬಿಲ್ಲೆ. ಹಿಂದಿನ ಸಾಲಿನಲ್ಲಿ ಇವನದೊಂದು. ಆಮೇಲೆ ಬಲಗಡೆ, ಗೋಪುರದ ಹಾಗೆ ಪೇರಿಸಿದ ಪೆಟ್ಟಿಗೆಗಳ ಬುಡದಲ್ಲಿ, ನಡುವಿನ ಸಾಲಿನ ನೆಲದ ಮೇಲೆ ಅರ್ಧ ಹೊರಗೆ ಚಾಚಿದ್ದ ಇನ್ನೊಂದು. ಅದನ್ನವಳು ಎಣ್ಣೆಯ ಕಲೆ ಎಂದುಕೊಂಡಿದ್ದಳು. ಈಗ ಆ ನೆಲದಲ್ಲಿ ಕಲೆ ಇರಲಿಲ್ಲ. ಅಲ್ಲದೆ, ಯಜಮಾನರು ಜಾರಿದ ಕ್ಷಣದಲ್ಲಿ ಆ ಕಲೆ ಅಲುಗಿತ್ತು.

ಅವಳು ಕಣ್ಣು ತೆರೆದಳು.

“ಚಿತ್ರದಲ್ಲಿ ಇಬ್ಬರು ಜನ,” ಎಂದಳು. “ನೆರಳು ಮೂರು.”

ಬಣ್ಣದ ಮಾಮ ಪೆಟ್ಟಿಗೆಯ ಮೇಲೆ ತಟ್ಟನೆ ಕೂತುಬಿಟ್ಟರು. ಯಜಮಾನರ ಮಗಳು ಗೋಪುರದತ್ತ ತಿರುಗಿದಳು, ಅಲ್ಲಿ ಈಗಲೂ ಯಾರೋ ಇರಬಹುದು ಎಂಬ ಹಾಗೆ.

“ಆ ರಾಶಿಯ ಹಿಂದೆ ಒಬ್ಬರು ನಿಂತಿದ್ರು. ಪೆಟ್ಟಿಗೆ ಸರಿಸಿ, ಬೀಳೋದನ್ನ ನೋಡೋಕೆ ನಿಂತಿದ್ರು. ಮೈ ಮರೆಯಾಗಿದೆ, ನೆರಳು ಮರೆಯಾಗಿಲ್ಲ. ನೆರಳಲ್ಲೇ ಆಳು ಗಿಡ್ಡಾನಾ, ದಪ್ಪಾನಾ, ತಲೆಗೆ ಏನಾದ್ರೂ ಸುತ್ತಿದ್ರಾ ಅಂತ ಎಷ್ಟೋ ತಿಳಿಯುತ್ತೆ. ನಡೀರಿ ಮೇಲೆ. ಅದೊಂದು ಚಿತ್ರ ನಿಲ್ಲಿಸಿ ದೊಡ್ಡದು ಮಾಡಿ ನೋಡೋಣ.”

“ನಾನು ಮುಂಚೆ ಹೋಗಿ ಹಾಕಿಟ್ಟಿರ್ತೀನಿ,” ಎಂದು ಅಕ್ಕನ ಮಗ ಪೆಟ್ಟಿಗೆಯಿಂದ ಹಾರಿದ.

ಅವನನ್ನು ತಡೆಯಬೇಕೆಂದು ಯಾರಿಗೂ ಅನ್ನಿಸಲಿಲ್ಲ. ಈಗತಾನೇ ನಿರಪರಾಧಿ ಎಂದು ಎಲ್ಲರ ಕಣ್ಣೆದುರು ತೋರಿಸಿದ ಮನುಷ್ಯನನ್ನು ತಡೆಯುವುದಾದರೂ ಹೇಗೆ? ಯಜಮಾನರ ಮಗಳು ತಾನೇ ಮುಂದಾಗಿ ಬಾಗಿಲು ತೆರೆದುಕೊಟ್ಟಳು. ಅವನು ಮೆಟ್ಟಿಲ ಮೇಲೆ ಓಡಿದ ಸದ್ದು ಕೇಳಿತು.

ಬಣ್ಣದ ಮಾಮನನ್ನು ಇಳಿಸುವುದು ಹತ್ತಿಸಿದಷ್ಟು ಸುಲಭವಿರಲಿಲ್ಲ. ಒಂದು ಕಡೆ ಬಡಗಿ, ಇನ್ನೊಂದು ಕಡೆ ಚಿಕ್ಕಮ್ಮ.

“ಅವತ್ತು ಬೆಳಿಗ್ಗೆ ನಾನು ಮನೇಲಿದ್ದೆ ತಾಯಿ,” ಎಂದರು ಮಾಮ, ಯಾರೂ ಕೇಳದಿದ್ದರೂ. “ಹಲ್ಲುಜ್ಜುತ್ತಿದ್ದೆ.”

“ನಿಮ್ಮ ಸರದಿ ಬರುತ್ತೆ. ಈಗ ಕಾಲು ಊರಿ.”

“ಅವನಿಗೆ ನಾನು ಏನು ಹೇಳ್ಲಿ?” ಎಂದಳು ಮಗಳು ಮೆಟ್ಟಿಲು ಹತ್ತುವಾಗ. “ಎಲ್ಲರ ಎದುರಿಗೆ ಕೊಲೆಗಾರ ಅಂದಿದ್ದೀನಿ.”

“ಮೊದಲು ಊಟ ತರಿಸಿ. ಹೇಳೋದು ಆಮೇಲೆ.”

ಚಿಕ್ಕಮ್ಮ ಅವತ್ತು ಮೊದಲ ಬಾರಿಗೆ ಅಕ್ಕನ ಮನೆಯ ಬಾಗಿಲನ್ನು ಮನಸ್ಸಿನಲ್ಲಿ ಕಂಡಳು. ಹುಡುಗ ಮುಂದೆ, ತಾನು ಹಿಂದೆ.

ಮೀಟಿಂಗ್ ರೂಮಿನಲ್ಲಿ ಅವನು ಕಂಪ್ಯೂಟರಿನ ಮುಂದೆ ಕೂತಿದ್ದ. ಎರಡೂ ಕೈ ತೊಡೆಯ ಮೇಲಿದ್ದವು. ಗೋಡೆಯ ಪರದೆ ಬೂದು ಬಣ್ಣಕ್ಕಿತ್ತು.

“ಹಾಕೋ,” ಎಂದಳು ಚಿಕ್ಕಮ್ಮ.

“ಇಲ್ಲ.”

“ಏನು ಇಲ್ಲ?”

“ರೆಕಾರ್ಡಿಂಗ್ ಇಲ್ಲ. ನಾನೇ ಅಳಿಸಿದೆ.”

ಯಜಮಾನರ ಮಗಳು ಕೀಬೋರ್ಡನ್ನು ತನ್ನತ್ತ ಎಳೆದುಕೊಂಡಳು. ಪರದೆಯ ಮೇಲೆ ಒಂದೊಂದೇ ಕಿಟಕಿ ತೆರೆಯಿತು, ಒಂದೊಂದೂ ಖಾಲಿ.

“ನಿನ್ನನ್ನ ಬಿಡಿಸೋಕೆ ಇದ್ದದ್ದು ಅದೊಂದೇ ಅಲ್ವೇನೋ!” ಎಂದಳು. ಒಂದು ಗಂಟೆಯ ಕೆಳಗೆ ಅವನನ್ನು ಒಳಗೆ ಹಾಕಿಸಲು ಹೊರಟಿದ್ದವಳು ಅವಳೇ ಎಂಬುದು ಆ ಹೊತ್ತಿಗೆ ಯಾರಿಗೂ ನೆನಪಿರಲಿಲ್ಲ.

“ತಳ್ಳಿದ್ದು ನಾನೇ ಅಂತ ಬರ್ಕೊಳ್ಳಿ,” ಎಂದ ಅವನು. “ಪೊಲೀಸರಿಗೆ ಫೋನ್ ಮಾಡಿ. ನಾನು ಒಪ್ಕೊಳ್ತೀನಿ.”

ಚಿಕ್ಕಮ್ಮ ಕುರ್ಚಿ ಎಳೆದು ಅವನ ಮಂಡಿಗೆ ಮಂಡಿ ತಾಗುವಷ್ಟು ಹತ್ತಿರ ಕೂತಳು. ಬೈಯಲಿಲ್ಲ. ಅವನ ಗಲ್ಲ ಹಿಡಿದು ಮುಖವನ್ನು ತನ್ನ ಕಣ್ಣಿಗೆ ನೇರ ಮಾಡಿಕೊಂಡಳು.

“ಯಾರ ನೆರಳೋ ಅದು?”

ಅವನು ಗಲ್ಲ ಬಿಡಿಸಿಕೊಳ್ಳಲು ನೋಡಿದ.

“ಮೊನ್ನೆಯೇ ನಿನಗೆ ಕಂಡಿತ್ತು. ಈ ಚಿತ್ರದಲ್ಲಿ ಆ ನೆರಳು ಸಿಕ್ಕಿದೆ ಅಂತ ಗೊತ್ತಿರ್ಲಿಲ್ಲ. ನಾನು ಹೇಳಿದ್ಮೇಲೆ ಗೊತ್ತಾಯ್ತು. ಸರೀನಾ?”

“ಚಿಕ್ಕಮ್ಮ, ಬಿಟ್ಬಿಡು.”

“ಬಿಡಲ್ಲ. ನೀನು ಹೇಳದಿದ್ರೂ ನಾನು ಹುಡುಕ್ತೀನಿ. ನೀನು ಜೈಲಲ್ಲಿ ಕೂತಿದ್ರೂ ಹುಡುಕ್ತೀನಿ.”

“ಹುಡುಕಿದ್ರೆ,” ಎಂದ ಅವನು, “ಅಮ್ಮನ ಮನೆಗೆ ನೀನು ಮತ್ತೆ ಕಾಲಿಡೋಕೆ ಆಗಲ್ಲ.”

ಚಿಕ್ಕಮ್ಮನ ಕೈ ಅವನ ಗಲ್ಲದಿಂದ ತಾನಾಗಿ ಕೆಳಗಿಳಿಯಿತು.

ಯಜಮಾನರ ಮಗಳು ಮೇಜಿನ ಮೇಲಿನ ಫೋನೆತ್ತಿ, ಯಾರಿಗೆ ಮಾಡಬೇಕೆಂದು ತಿಳಿಯದೆ, ಹಾಗೇ ಹಿಡಿದುಕೊಂಡು ನಿಂತಿದ್ದಳು.

“ಬೇರೆ ಎಲ್ಲಾದ್ರೂ ಪ್ರತಿ ಇದೆಯಾ?” ಎಂದು ಚಿಕ್ಕಮ್ಮ ಅವಳತ್ತ ತಿರುಗದೆಯೇ ಕೇಳಿದಳು.

“ಇಲ್ಲ. ಸೋರಬಾರದು ಅಂತ ಅಪ್ಪ ಒಂದೇ ಕಡೆ ಇಡಿಸಿದ್ರು.”

“ಮೊನ್ನೆಯದೊಂದೇ ಹೋಗಿದ್ಯಾ? ಆ ನೆರಳು ಬೇರೆ ದಿನಗಳಲ್ಲೂ ಬಿದ್ದಿದ್ರೆ ಅವೂ ಹೋಗಿರ್ಬೇಕು.”

ಮಗಳು ಫೋನು ಕೆಳಗಿಟ್ಟು ಪರದೆಯತ್ತ ಬಗ್ಗಿದಳು. ಕೆಳಗಿನಿಂದ ಮೇಲಿನವರೆಗೆ ಒಮ್ಮೆ ನೋಡಿದಳು, ಮೇಲಿನಿಂದ ಕೆಳಗಿನವರೆಗೆ ಇನ್ನೊಮ್ಮೆ ನೋಡಿದಳು.

ಹಾಲ್‌ನ ರೆಕಾರ್ಡಿಂಗುಗಳು ಒಟ್ಟು ನಲವತ್ತೊಂದು ಇದ್ದವು. ನಲವತ್ತೊಂದೂ ಹೋಗಿದ್ದವು.